ಬಿಡುವಿನ ದಿನವಿಲ್ಲದ ಚಾರಣಕ್ಕೆ ಅನುಮತಿ ಬೇಡ: ಕೇಂದ್ರ ಪ್ರವಾಸೋದ್ಯಮ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಉತ್ತರಕಾಶಿ ಮತ್ತು ಟಿಹರಿ ಜಿಲ್ಲೆಗಳ ಗಡಿಯಲ್ಲಿರುವ ಸಹಸ್ರತಾಲ್ ಸರೋವರದಿಂದ ಹಿಂತಿರುಗುತ್ತಿದ್ದ 22 ಜನರ ಚಾರಣ ತಂಡವೊಂದು ಹಿಮಗಾಳಿಗೆ ಸಿಕ್ಕಿಕೊಂಡಿತು. ಅವರಲ್ಲಿ 9 ಮಂದಿ ಬದುಕಲಿಲ್ಲ. ತಂಡದ ಬಹುಪಾಲು ಜನ ಕರ್ನಾಟಕದವರಾಗಿದ್ದರಿಂದ ಇಲ್ಲಿನ ಪತ್ರಿಕೆಗಳಲ್ಲಿ ಒಂದು ವಾರ ಅದೇ ಸುದ್ದಿಯಿತ್ತು. ಆ ತಂಡ ಏನು ಮಾಡಬೇಕಿತ್ತು, ಏನು ಮಾಡಬಾರದಿತ್ತು ಎಂದು ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ಬೆಟ್ಟದ ಹವೆ ಎಂಥ ಅನುಭವಿಗಳನ್ನೂ ಕೆಡವಬಲ್ಲದು. ಇಂಥ ಪ್ರತಿ ಸಾವಿನ ನಂತರವೂ ಹೆಲಿಕಾಪ್ಟರ್ ಎಷ್ಟು ಬೇಗ ಬಂತು ಎಂಬುದರ ಬಗ್ಗೆ ಮಾತ್ರ ಚರ್ಚೆಯಾಗಿ, ಆ ಎತ್ತರಕ್ಕೆ ಜನರನ್ನು ಎಷ್ಟು ದಿನಗಳಲ್ಲಿ ಹತ್ತಿಸಲಾಗುತ್ತಿದೆ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅದನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಹಿಮಾಲಯದ ಚಾರಣಗಳಿಗೆ ವರ್ಷಗಳಿಂದ ಹೋಗಿಬರುತ್ತಿರುವವನಾಗಿ ಹೇಳುವುದಾದರೆ, ಎತ್ತರದ ಕಣಿವೆಗಳಲ್ಲಿ ಟೆಂಟ್ ಹಾಕಿಕೊಂಡು ಸಾಗುವ ಚಾರಣದ ನಿಜವಾದ ಸುರಕ್ಷಾ ಸಾಧನ ಹಗ್ಗವೂ ಅಲ್ಲ, ಆಕ್ಸಿಜನ್ ಸಿಲಿಂಡರೂ ಅಲ್ಲ. ಅದು ದಿನಗಳ ಲೆಕ್ಕ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ಶೇಕಡಾ 21ರಷ್ಟೇ ಇರುತ್ತದೆ, ಆದರೆ ಮೇಲೇರಿದಂತೆ ಗಾಳಿಯ ಒತ್ತಡವೇ ಇಳಿಯುತ್ತಾ ಹೋಗಿ 5,500 ಮೀಟರ್ ಎತ್ತರದಲ್ಲಿ ಅದು ಸಮುದ್ರಮಟ್ಟದ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ತನ್ನದೇ ನಿಧಾನಗತಿಯಲ್ಲಿ. ಅದಕ್ಕೇ ಪರ್ವತ ವೈದ್ಯಕೀಯದ ತಜ್ಞರು, 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ಒಂದು ರಾತ್ರಿಯಿಂದ ಮರುರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಅದೇ ಎತ್ತರದಲ್ಲಿ ಉಳಿಯಬೇಕು ಎನ್ನುತ್ತಾರೆ. ಹಗಲಲ್ಲಿ ಎಷ್ಟು ಮೇಲೆ ಹೋಗಿಬಂದರು ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದರು ಎಂಬುದೇ ಇಲ್ಲಿ ಮುಖ್ಯ.

ಈ ಲೆಕ್ಕವನ್ನು ಕೈಯಲ್ಲಿ ಹಿಡಿದು ಮಾರಾಟದಲ್ಲಿರುವ ಚಾರಣಗಳನ್ನು ನೋಡಿದರೆ ಗಾಬರಿಯಾಗುತ್ತದೆ. ಲಡಾಖಿನ ಮಾರ್ಖಾ ಕಣಿವೆಯನ್ನೇ ತೆಗೆದುಕೊಳ್ಳಿ. ವಿಮಾನದಿಂದ ಇಳಿಯುವ ಲೇಹ್ ನಗರವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕಣಿವೆ ಹಿಡಿದು ಹೋದರೆ ಹಂಕರ್ ಗ್ರಾಮದವರೆಗೂ ಏರಿಕೆ ನಿಧಾನವಾಗಿಯೇ ಇರುತ್ತದೆ. ಆಮೇಲೆ ನಿಮಾಲಿಂಗ್ ಬಯಲಿನ ಕ್ಯಾಂಪಿಗೆ ಒಂದೇ ದಿನದಲ್ಲಿ 700 ಮೀಟರಿಗೂ ಹೆಚ್ಚು ಏರಿಸುತ್ತಾರೆ, ಮರುದಿನ ಬೆಳಿಗ್ಗೆ 5,200 ಮೀಟರ್ ಮೀರಿದ ಕೊಂಗ್ಮಾರು ಲಾ ಎಂಬ ಪಾಸ್ (ಬೆಟ್ಟಸಾಲನ್ನು ದಾಟುವ ಎತ್ತರದ ದಾರಿ) ದಾಟಿಸುತ್ತಾರೆ. ನಡುವೆ ಥಾಚುಂಗ್ತ್ಸೆ ಎಂಬಲ್ಲಿ ನೀರೂ ಇದೆ, ಟೆಂಟ್ ಹಾಕಲು ಜಾಗವೂ ಇದೆ. ಅಲ್ಲಿ ಒಂದು ರಾತ್ರಿ ತಂಗಿದರೆ ಏರಿಕೆ ಎರಡು ಪಾಲಾಗುತ್ತದೆ. ಆದರೆ ಒಂದು ರಾತ್ರಿ ಎಂದರೆ ಅಡುಗೆಯವರ, ಕುದುರೆಯವರ ಒಂದು ದಿನದ ಹೆಚ್ಚುವರಿ ಕೂಲಿ, ಚಾರಣಿಗನ ಒಂದು ದಿನದ ಹೆಚ್ಚುವರಿ ರಜೆ. ಕತ್ತರಿ ಬೀಳುವುದು ಯಾವಾಗಲೂ ಅಲ್ಲಿಯೇ. ಹಿಮಾಚಲದಲ್ಲೂ ಹಾಗೆಯೇ: ಸುಮಾರು 2,050 ಮೀಟರ್ ಎತ್ತರದ ಮನಾಲಿಗೆ ರಾತ್ರಿ ಬಸ್ಸಿನಲ್ಲಿ ಬಂದಿಳಿದವರು ಮೂರನೆಯ ಇಲ್ಲವೇ ನಾಲ್ಕನೆಯ ದಿನವೇ 4,270 ಮೀಟರಿನ ಹಂಪ್ಟಾ ಪಾಸ್ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬಹಳಷ್ಟು ಜನರಿಗೆ ಏನೂ ಆಗುವುದಿಲ್ಲ. ಏನೂ ಆಗದ ಆ ಬಹಳಷ್ಟು ಜನರ ಬಲದ ಮೇಲೆಯೇ ಈ ವೇಳಾಪಟ್ಟಿಗಳು ವರ್ಷ ವರ್ಷವೂ ಮುಂದುವರಿಯುತ್ತಿವೆ.

ತೊಂದರೆಯಾಗುವವರ ಸ್ಥಿತಿ ಹೇಗಿರುತ್ತದೆ ಎಂಬುದನ್ನು ತಾವು ಒಮ್ಮೆ ಊಟದ ಟೆಂಟಿನಲ್ಲಿ ಕುಳಿತು ನೋಡಬೇಕು. ಸಂಜೆ ಎಲ್ಲರ ಬೆರಳಿಗೂ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿ ಅಂಕಿ ಬರೆದುಕೊಳ್ಳುತ್ತಾರೆ. ಬೆರಳು ತಣ್ಣಗಾಗಿದ್ದರೆ ಅಂಕಿಯೇ ಸರಿಯಾಗಿ ಬರುವುದಿಲ್ಲ, ಉಜ್ಜಿ ಉಜ್ಜಿ ಮತ್ತೆ ಹಾಕುತ್ತಾರೆ. ಎತ್ತರದ ಕಾಯಿಲೆಯ ಮೊದಲ ಲಕ್ಷಣವಾದ ತಲೆನೋವಿರುವವನು ತಟ್ಟೆಯನ್ನು ಹಾಗೇ ಪಕ್ಕಕ್ಕಿಟ್ಟು, ಏನಿಲ್ಲ, ಗ್ಯಾಸ್ ಆಗಿರಬೇಕು ಎನ್ನುತ್ತಾನೆ. ನಿಜ ಹೇಳಿದರೆ ಕೆಳಗೆ ಕಳಿಸುತ್ತಾರೆಂಬ, ಕಟ್ಟಿದ ಹಣ ಹೋಗುತ್ತದೆಂಬ ಭಯ ಅವನಿಗೆ. ಟ್ರೆಕ್ ಲೀಡರ್ ನುರಿತವನಾಗಿದ್ದರೆ ಹೊರಗೆ ಕರೆದುಕೊಂಡು ಹೋಗಿ, ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ಅದರ ಮೇಲೆ ನಡೆಯಲು ಹೇಳುತ್ತಾನೆ. ಹೆಜ್ಜೆ ತಪ್ಪಿದರೆ ಮಿದುಳಿನಲ್ಲಿ ಊತ ಶುರುವಾಗಿದೆಯೆಂದು ಭಾವಿಸಿ, ಕತ್ತಲಿರಲಿ ಮಳೆಯಿರಲಿ, ಆಗಲೇ ಇಳಿಸಬೇಕು. ಮಿದುಳಿನ ಊತ ತಗ್ಗಿಸುವ ಡೆಕ್ಸಾಮೆಥಸೋನ್ ಎಂಬ ಔಷಧಿ, ಇಳಿಯುವುದಕ್ಕೆ ಸಮಯ ಗಳಿಸಿಕೊಡುತ್ತದೆಯೇ ಹೊರತು ಇಳಿಯುವುದಕ್ಕೆ ಬದಲಿಯಲ್ಲ. ಆದರೆ ಬಿಡುವಿನ ದಿನವೇ ಇಲ್ಲದ ವೇಳಾಪಟ್ಟಿಯಲ್ಲಿ, ಒಬ್ಬನನ್ನು ಇಳಿಸಲು ಒಬ್ಬ ಗೈಡ್ ಹೋದರೆ ಉಳಿದ ಹದಿನೈದು ಮಂದಿಯ ಪಾಸ್ ದಾಟುವಿಕೆ ನಿಲ್ಲುತ್ತದೆ. ಆಗ, ಬೆಳಿಗ್ಗೆವರೆಗೆ ನೋಡೋಣ ಎಂಬ ಮಾತು ಬರುತ್ತದೆ. ನನ್ನ ದೃಷ್ಟಿಯಲ್ಲಿ ಅತ್ಯಂತ ಅಪಾಯಕಾರಿಯಾದ ಮಾತು ಅದೇ.

ಹವೆ ಕೆಟ್ಟಾಗಲೂ ಇದೇ ಇಕ್ಕಟ್ಟು. ಹಿಮನದಿಯಿಂದ ಹುಟ್ಟುವ ತೊರೆಗಳು ಬಿಸಿಲೇರಿದಂತೆ ಉಕ್ಕುತ್ತವೆ, ಬೆಳಿಗ್ಗೆ ಮೊಣಕಾಲಿನವರೆಗಿದ್ದ ನೀರು ಮಧ್ಯಾಹ್ನ ಸೊಂಟ ಮುಟ್ಟಬಹುದು. ತಡವಾಗಿ ಬಂದ ತಂಡ ಈಚೆ ದಡದಲ್ಲೇ ರಾತ್ರಿ ಕಳೆದು ನಸುಕಿನಲ್ಲಿ ದಾಟುವುದೇ ಕ್ರಮ. ಕೈಯಲ್ಲಿ ಒಂದು ದಿನ ಹೆಚ್ಚಿದ್ದವರು ಮಾತ್ರ ಹಾಗೆ ಕಾಯಬಲ್ಲರು. 2021ರ ಅಕ್ಟೋಬರಿನಲ್ಲಿ ಹರ್ಸಿಲ್‌ನಿಂದ ಚಿತ್ಕುಲ್‌ಗೆ ಲಮ್ಖಾಗಾ ಪಾಸ್ ಮೂಲಕ ಹೊರಟ ತಂಡದ ಹಲವರು ಹಿಮಪಾತದಲ್ಲಿ ಸತ್ತದ್ದೂ ತಮ್ಮ ಇಲಾಖೆಯ ನೆನಪಿನಲ್ಲಿರಬೇಕು.

ಈಗಿರುವ ವ್ಯವಸ್ಥೆ ಈ ಯಾವುದನ್ನೂ ಕೇಳುವುದಿಲ್ಲ. ಎತ್ತರದ ಶಿಖರ ಹತ್ತಲು ಹೊರಟವರು ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ ಅನುಮತಿ ಪಡೆಯಬೇಕು. ಆದರೆ ಮೊದಲ ಬಾರಿಗೆ ಹಿಮ ನೋಡುತ್ತಿರುವ ಇಪ್ಪತ್ತು ಮಂದಿಯನ್ನು 4,500 ಮೀಟರಿನ ಪಾಸ್ ದಾಟಿಸಲು ಸಾಮಾನ್ಯವಾಗಿ ಅರಣ್ಯ ಇಲಾಖೆಯ ಶುಲ್ಕದ ಚೀಟಿ ಸಾಕು. ತಮ್ಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸೋದ್ಯಮಕ್ಕೆ ಮಾರ್ಗಸೂಚಿ ಹೊರಡಿಸಿತು, ಅದು ಸ್ವಾಗತಾರ್ಹವೇ. ಆದರೆ ಮಾರ್ಗಸೂಚಿಯನ್ನು ಪಾಲಿಸದಿದ್ದರೆ ಏನೂ ಆಗುವುದಿಲ್ಲ ಎಂಬುದು ಪಾಲಿಸದವರಿಗೆ ಚೆನ್ನಾಗಿ ಗೊತ್ತಿದೆ. ಅದೇ 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು ನಿಷೇಧಿಸಿ, ಅಲ್ಲಿಗೆ ಹೋಗುವವರ ಸಂಖ್ಯೆಗೆ 200ರ ಮಿತಿ ಹಾಕಿತು. ಹುಲ್ಲುಗಾವಲಿನ ಉಳಿವಿಗಾಗಿ ತಲೆ ಎಣಿಸಬಹುದಾದರೆ, ಅಲ್ಲಿ ನಡೆಯುವವರ ಉಳಿವಿಗಾಗಿ ರಾತ್ರಿಗಳನ್ನು ಎಣಿಸುವುದು ಕಷ್ಟವಾಗಬಾರದು.

ಆದ್ದರಿಂದ ನನ್ನ ಕೋರಿಕೆ ಇದು. 3,000 ಮೀಟರ್ ಮೀರಿ ತಂಗುವ ಪ್ರತಿಯೊಂದು ವಾಣಿಜ್ಯ ಚಾರಣವೂ ಅನುಮತಿ ಕೇಳುವಾಗ ಯಾವ ರಾತ್ರಿ ಯಾವ ಎತ್ತರದಲ್ಲಿ ಎಂಬ ಪಟ್ಟಿ ಕೊಡಲಿ. ಮಲಗುವ ಎತ್ತರದ ಮಿತಿಯನ್ನು ಮೀರಿದ, ಹವೆಗೆಂದು ಒಂದು ಬಿಡುವಿನ ದಿನವನ್ನೂ ಇಟ್ಟುಕೊಳ್ಳದ ಪಟ್ಟಿಗೆ ಅನುಮತಿ ಸಿಗದಿರಲಿ. ಕ್ಯಾಂಪ್ ಮಾಡಲು ಜಾಗವೇ ಇಲ್ಲದ ಕಣಿವೆಗಳಲ್ಲಿ ಒಂದು ದಿನ ಮಿತಿ ಮೀರುವುದು ಅನಿವಾರ್ಯವಾದರೆ, ಅದರ ಹಿಂದಿನ ದಿನ ಇಲ್ಲವೇ ಮರುದಿನ ವಿಶ್ರಾಂತಿ ಕಡ್ಡಾಯವಾಗಲಿ. ಪೋರ್ಟರ್‌ಗಳು ಬೆಟ್ಟದವರು, ಅವರಿಗೇನೂ ಆಗುವುದಿಲ್ಲ ಎಂಬುದು ಸುಳ್ಳು. ಕೆಳಗಿನ ಹಳ್ಳಿಗಳಿಂದ ಬಂದವರಿಗೂ ಎತ್ತರ ಬಾಧಿಸುತ್ತದೆ, ಹೊರೆ ಬೇರೆ ಇರುತ್ತದೆ. ಈ ಲೆಕ್ಕ ಅವರಿಗೂ ಅನ್ವಯಿಸಬೇಕು, ಅವರ ವಿಮೆಯ ದಾಖಲೆಯೂ ಅರ್ಜಿಯ ಜೊತೆಯಲ್ಲೇ ಇರಬೇಕು. ಅನಾರೋಗ್ಯದಿಂದ ಹಿಂದಿರುಗಿದವರಿಗೆ ಉಳಿದ ದಿನಗಳ ಹಣ ವಾಪಸಾಗುವಂತಿದ್ದರೆ, ಗ್ಯಾಸ್ ಎಂದು ಸುಳ್ಳು ಹೇಳುವವರೂ ಕಡಿಮೆಯಾಗುತ್ತಾರೆ.

ಅನುಮತಿ ಕೊಡುವುದು ರಾಜ್ಯಗಳ ಕೆಲಸ ಎಂಬ ಉತ್ತರ ಬರಬಹುದು. ಮಾದರಿ ನಿಯಮ ರೂಪಿಸಿ ರಾಜ್ಯಗಳ ಮುಂದಿಡುವುದು ತಮ್ಮಿಂದ ಆಗುವಂಥದ್ದೇ. ಇನ್ನೊಂದು ವಿಷಯವಂತೂ ಪೂರ್ತಿಯಾಗಿ ಕೇಂದ್ರದ ಕೈಯಲ್ಲಿದೆ. ಈ ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ, ದೂರಸಂಪರ್ಕ ಇಲಾಖೆಯ ಪರವಾನಗಿಯಿಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳುವುದು ಅಪರಾಧ. ಭದ್ರತೆಯ ಕಾರಣಗಳು ನನಗೆ ಅರ್ಥವಾಗುತ್ತವೆ. ಆದರೆ ನೋಂದಾಯಿತ ಗೈಡ್‌ನ ಹೆಸರಿನಲ್ಲಿ, ಅನುಮತಿ ಪತ್ರದ ಜೊತೆಗೇ ಕೊಟ್ಟು ಚಾರಣ ಮುಗಿದ ದಿನ ಹಿಂಪಡೆಯುವ ಒಂದು ಸಾಧನದಿಂದ ಯಾವ ಭದ್ರತೆಗೂ ಧಕ್ಕೆಯಾಗಲಾರದು. ಸಹಾಯ ಕೇಳಲು ಒಬ್ಬ ಇಡೀ ದಿನ ನಡೆದು ಸಿಗ್ನಲ್ ಹುಡುಕಬೇಕಾದ ಸ್ಥಿತಿ ಹೋಗಬೇಕು.

ನೇಪಾಳದಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ 1973ರಿಂದ ಕೆಲಸ ಮಾಡುತ್ತಿದೆ. ಎವರೆಸ್ಟ್ ದಾರಿಯ ಫೆರಿಚೆಯಲ್ಲೂ ಅನ್ನಪೂರ್ಣಾ ದಾರಿಯ ಮನಾಂಗ್‌ನಲ್ಲೂ ಚಾರಣದ ಋತುವಿನಲ್ಲಿ ವೈದ್ಯರು ಚಿಕಿತ್ಸೆಗೆ ಇರುತ್ತಾರೆ, ದಾರಿಹೋಕರಿಗೆ ಎತ್ತರದ ಕಾಯಿಲೆಯ ಬಗ್ಗೆ ತಿಳಿಹೇಳುತ್ತಾರೆ. ನಮ್ಮಲ್ಲಿ ಹೆಚ್ಚು ಜನ ಹೋಗುವ ಒಂದೆರಡು ಕಣಿವೆಗಳಲ್ಲಾದರೂ ಅಂಥದ್ದನ್ನು ಆರಂಭಿಸಿ ನೋಡಬಹುದು.

ಬೇಸಿಗೆ ಚಾರಣಗಳ ಬುಕಿಂಗ್ ಚಳಿಗಾಲದಲ್ಲೇ ಶುರುವಾಗುತ್ತದೆ, ವೇಳಾಪಟ್ಟಿಗಳೂ ಆಗಲೇ ಅಚ್ಚಾಗುತ್ತವೆ. ಅದಕ್ಕೆ ಮೊದಲೇ ಉತ್ತರಾಖಂಡ, ಹಿಮಾಚಲ ಪ್ರದೇಶ, ಲಡಾಖ್ ಆಡಳಿತಗಳ ಅರಣ್ಯ ಮತ್ತು ಪ್ರವಾಸೋದ್ಯಮ ಅಧಿಕಾರಿಗಳ ಸಭೆ ಕರೆದು, ರಾತ್ರಿ ಎತ್ತರದ ಪಟ್ಟಿಯನ್ನು ಅನುಮತಿಯ ಷರತ್ತಾಗಿಸುವ ಬಗ್ಗೆ ತೀರ್ಮಾನಿಸಬೇಕೆಂದೂ, ಆ ತೀರ್ಮಾನವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಚಾರಣಿಗ