ಈಗ ಏನು ಓದುತ್ತಿದ್ದೀಯ?

ಬಸವನಗುಡಿ, ಬೆಂಗಳೂರು

ಪ್ರೀತಿಯ ಮಗು,

ನಿನ್ನ ಕಾಗದ, ಕಥೆಗಳ ಕಟ್ಟು ಎರಡೂ ಕೈ ಸೇರಿದವು. ನನಗೆ ನೀನು ಮೊಮ್ಮಗಳ ವಯಸ್ಸಿನವಳು. ಅದಕ್ಕೇ ‘ನೀನು’ ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಬೇಗ ಮುಗಿಯುವ ವಿಷಯಗಳನ್ನು ಮೊದಲು ಮುಗಿಸುತ್ತೇನೆ. ಮುನ್ನುಡಿ ಬರೆದುಕೊಡುವುದಿಲ್ಲ. ಯಾವ ಪ್ರಕಾಶಕರ ಹತ್ತಿರ ಹೋಗಬೇಕು, ಮುಖಪುಟ ಯಾರ ಕೈಲಿ ಮಾಡಿಸಬೇಕು, ಎಷ್ಟು ಪ್ರತಿ ಹಾಕಿಸಬೇಕು, ಇದನ್ನೆಲ್ಲ ಗಾಂಧಿ ಬಜಾರಿನ ಪುಸ್ತಕದಂಗಡಿಯಲ್ಲಿ ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ. ಅಲ್ಪಪ್ರಾಣ ಮಹಾಪ್ರಾಣ ಅಲ್ಲಲ್ಲಿ ಹೆಚ್ಚುಕಡಿಮೆ ಆಗಿವೆ. ಕರಡು ತಿದ್ದುವಾಗ ಸರಿಹೋಗುತ್ತವೆ.

ನನ್ನನ್ನು ಕಾಡಿದ್ದು ನಿನ್ನ ಕಾಗದದ ಕೊನೆಯ ಪುಟ. ‘ಯಾರೂ ಓದಲ್ಲ ಮೇಡಂ, ಯಾರಿಗೋಸ್ಕರ ಬರೀಬೇಕು?’ ಅಂತ ಕೇಳಿದ್ದೀಯ. ಈ ವಯಸ್ಸಿಗೇ ಇಷ್ಟು ನಿರಾಸೆ ಬಂದಿದ್ದು ನೋಡಿ ಸಂಕಟವಾಯಿತು. ಕಾಗದವನ್ನು ಮತ್ತೆ ಮೊದಲಿಂದ ಓದಿದೆ. ಆಫೀಸು, ಟ್ರಾಫಿಕ್ಕು, ಪಿಜಿ ಊಟ, ಪತ್ರಿಕೆಯವರು ವಾಪಸ್ ಕಳಿಸಿದ ಕಥೆ, ಬಹುಮಾನ ಹೊಡೆದ ಗೆಳತಿ, ಎಲ್ಲ ಇದೆ. ನೀನು ಈಗ ಯಾವ ಪುಸ್ತಕ ಓದುತ್ತಿದ್ದೀಯ ಅಂತ ಒಂದು ಸಾಲೂ ಇಲ್ಲ. ಓದಿನ ಬಗ್ಗೆ ಸಿಕ್ಕಿದ್ದು ಒಂದೇ ಮಾತು: ಮುಂಚೆ ತುಂಬ ಓದ್ತಿದ್ದೆ, ಈಗ ಎರಡು ಪುಟ ಆಗೋಷ್ಟರಲ್ಲಿ ಕೈ ಫೋನಿಗೆ ಹೋಗುತ್ತೆ.

ಹಾಗಿದ್ದರೆ ಓದದೇ ಇರುವವರ ಲೆಕ್ಕದಲ್ಲಿ ನೀನೂ ಬಂದೆ, ಅಲ್ವಾ? ಚುಚ್ಚಬೇಕು ಅಂತ ಹೇಳುತ್ತಿಲ್ಲ. ನಿನ್ನ ಕಥೆಗಳಲ್ಲೇ ಅದು ಕಾಣುತ್ತಿದೆ. ಮಾರತ್‌ಹಳ್ಳಿ ಪಿಜಿಯಲ್ಲಿ ಅಡುಗೆ ಮಾಡುವ ಹೆಂಗಸಿನ ಕಥೆ ಇದೆಯಲ್ಲ, ಅವಳು ಮಗನಿಗೆ ಫೋನ್ ಮಾಡಿ ‘ಇಲ್ಲಿ ಎಲ್ಲರೂ ಚೆನ್ನಾಗಿ ತಿಂತಾರೆ’ ಅಂತ ಸುಳ್ಳು ಹೇಳುವ ಜಾಗ ನನಗೆ ತುಂಬ ಹಿಡಿಸಿತು. ಆದರೆ ಆಮೇಲಿನ ಕಥೆಗಳಲ್ಲಿ ಮಂಡ್ಯದ ಮನೆ ಮಾಲೀಕ, ಕುಂದಾಪುರದ ಹುಡುಗಿ, ಗದಗದ ಸೆಕ್ಯುರಿಟಿಯವನು ಮೂವರೂ ಒಂದೇ ಥರ ಮಾತಾಡುತ್ತಾರೆ. ಮೂವರೂ ನಿನ್ನ ಥರ ಮಾತಾಡುತ್ತಾರೆ. ಬೇರೆಯವರ ಕನ್ನಡ ಕಿವಿಗೆ ಬಿದ್ದು ಬಹಳ ದಿನವಾದರೆ ಹೀಗಾಗುತ್ತದೆ.

ವೈದೇಹಿಯವರ ಕುಂದಾಪುರದ ಕನ್ನಡವನ್ನು ಹತ್ತು ದಿನ ಓದು. ದೇವನೂರ ಮಹಾದೇವರ ಕಾದಂಬರಿ ‘ಕುಸುಮಬಾಲೆ’ ಹಿಡಿದುಕೋ. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೂ ಅರ್ಥವಾಗುವುದಿಲ್ಲ ಅಂತ ಮೊದಲ ಪುಟದಲ್ಲೇ ಕೆಳಗಿಡುವವರು ಬಹಳ ಜನ. ಕಣ್ಣಲ್ಲಿ ಓದಿದರೆ ಕಷ್ಟ. ಬಾಯಿಬಿಟ್ಟು ಓದಿದರೆ ನಂಜನಗೂಡಿನ ಕಡೆಯ ಆ ಮಾತು ತಾನೇ ದಾರಿ ಮಾಡಿಕೊಂಡು ಬರುತ್ತದೆ. ಹತ್ತಿರ ಕೂತು ಕೇಳುವವರು ಒಬ್ಬರಿದ್ದರೆ ಇನ್ನೂ ಬೇಗ ಬರುತ್ತದೆ.

ಆ ಒಬ್ಬರ ಬಗ್ಗೆಯೇ ನಾನು ನಿನಗೆ ಹೇಳಬೇಕಾಗಿರುವುದು. ಓದುವುದು ಒಬ್ಬರೇ ಮಾಡುವ ಕೆಲಸ ಅಂತ ನೀನು ಅಂದುಕೊಂಡಿದ್ದೀಯ. ನಮ್ಮಲ್ಲಿ ಹಾಗಿರಲಿಲ್ಲ. ಮಳೆಗಾಲದಲ್ಲಿ ಹೊಲದ ಕೆಲಸ ನಿಂತಾಗ ಊರ ಗುಡಿಯಲ್ಲೋ ಯಾರದೋ ಜಗುಲಿಯಲ್ಲೋ ಕುಮಾರವ್ಯಾಸನ ಭಾರತ ಓದಿಸುತ್ತಿದ್ದರು. ಒಬ್ಬರು ರಾಗವಾಗಿ ವಾಚನ ಮಾಡುವುದು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುವುದು. ಈಗಲೂ ಗಮಕ ಅಂದರೆ ಅದೇ. ಕೇಳುವವರಲ್ಲಿ ಅಕ್ಷರ ಬಾರದವರೇ ಎಷ್ಟೋ ಜನ. ಆದರೂ ನಾಳೆ ಕರ್ಣನ ಗತಿ ಏನಾಗುತ್ತದೋ ಅಂತ ಮಾತಾಡಿಕೊಂಡು ಮನೆಗೆ ಹೋಗುತ್ತಿದ್ದರು. ಹೂಂಗುಟ್ಟುವವರು ಎದುರಿಗೆ ಇದ್ದಿದ್ದಕ್ಕೇ ಓದುವವರು ಮಾರನೇ ದಿನ ಮುಂದಿನ ಸಂಧಿ ತೆಗೆಯುತ್ತಿದ್ದರು.

ನಾನು ಈಗ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಮತ್ತೆ ಓದುತ್ತಿದ್ದೇನೆ. ಬೆಳಿಗ್ಗೆ ಕಹಳೆ ಬಂಡೆ ಪಾರ್ಕಿನಲ್ಲಿ ನನ್ನ ಜೊತೆ ನಡೆಯುವ ಹೆಂಗಸು ಒಬ್ಬರಿದ್ದಾರೆ. ಮದುವೆಯಾದ ಮೇಲೆ ಒಂದು ಪುಸ್ತಕವನ್ನೂ ಪೂರ್ತಿ ಓದಿಲ್ಲ ಅಂತ ಅವರೇ ಹೇಳುತ್ತಿದ್ದರು. ನಾನು ಸುಮ್ನೆ ಹಿಂದಿನ ದಿನ ಎಲ್ಲಿಗೆ ಬಂದೆ ಅಂತ ಹೇಳುತ್ತಾ ಹೋದೆ. ಹೆಂಡತಿ ಪಾರೋತಿ ಇದ್ದ ಹಾಗೇ ರಾಮ ಐತಾಳರು ಎರಡನೇ ಮದುವೆ ಮಾಡಿಕೊಂಡರು ಅಂತ ಹೇಳಿದ ದಿನ ಅವರು ನಡೆಯುವುದನ್ನೇ ನಿಲ್ಲಿಸಿಬಿಟ್ಟರು. ‘ಇವಳು ಏನೂ ಅನ್ನಲಿಲ್ವಾ?’ ಅಂದರು. ಆಮೇಲಿಂದ ಸಿಕ್ಕಿದ ತಕ್ಷಣ ‘ಐತಾಳರ ಮಗ, ಆ ಲಚ್ಚ ಇವತ್ತೇನು ಮಾಡಿದ?’ ಅನ್ನುವುದೇ ಅವರ ಮೊದಲ ಮಾತು. ನಡುವೆ ಒಂದು ವಾರ ನನಗೆ ಬೇಸರವಾಗಿತ್ತು, ಪುಟ ಮುಂದಕ್ಕೆ ಹೋಗುತ್ತಿರಲಿಲ್ಲ. ಅದನ್ನೂ ಹೇಳಿದೆ. ‘ಅಯ್ಯೋ, ಬಿಡಬೇಡಿ, ಲಚ್ಚನ ಹೆಂಡತಿ ನಾಗವೇಣಿ ಏನಾದಳು ಗೊತ್ತಾಗಬೇಕು’ ಅಂದರು. ಅವರಿಗೋಸ್ಕರ ಓದಿದೆ. ಈಗ ಅವರ ಮನೆಯಲ್ಲೂ ಒಂದು ಪ್ರತಿ ಇದೆ. ಕೆಲವು ದಿನ ನನಗಿಂತ ಮುಂದೆ ಹೋಗಿರುತ್ತಾರೆ, ಹೇಳಿಬಿಡುತ್ತಾರೇನೋ ಅಂತ ನನಗೇ ಹೆದರಿಕೆ.

ಹೇಳುವುದು ಅಂದರೆ ಇದು. ಓದಿ ಮುಗಿಸಿದ ಮೇಲೆ ತೀರ್ಪು ಕೊಡುವುದು ಬೇರೆ. ‘ಅದ್ಭುತ, ಎಲ್ಲರೂ ಓದಲೇಬೇಕು’ ಅಂದರೆ ಯಾರೂ ಪುಸ್ತಕ ತೆಗೆಯುವುದಿಲ್ಲ. ಕಾಫಿ ಲೋಟದ ಪಕ್ಕ ಮುಖಪುಟ ಇಟ್ಟು ಫೋಟೋ ತೆಗೆಯುವುದು, ವರ್ಷಕ್ಕೆ 50 ಪುಸ್ತಕ ಅಂತ ಪಟ್ಟಿ ಹಾಕಿಕೊಂಡು ಓಡುವುದು, ಇದೆಲ್ಲ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅರ್ಧ ಓದಿರುವಾಗ ಹೇಳು. ಮುಂದೆ ಏನು ಅಂತ ಆಗ ನಿನಗೂ ಗೊತ್ತಿರುವುದಿಲ್ಲ, ಕೇಳುವವರಿಗೂ ಗೊತ್ತಿರುವುದಿಲ್ಲ. ಬೇಸರವಾದ ಜಾಗವನ್ನೂ ಮುಚ್ಚಿಡಬೇಡ. ಹಿಡಿಸಿದ್ದನ್ನು ಹೇಳಿದಾಗ ಆಗ ನಂಬುತ್ತಾರೆ.

ಓದದೆ ಮಾತಾಡುವವರ ಮೇಲೆ ನನಗೆ ಹಳೆಯ ಕೋಪ ಇದೆ. ನನ್ನ ಮೊದಲ ಪುಸ್ತಕ ಬಿಡುಗಡೆಯಾದ ದಿನ ದೊಡ್ಡ ಹೆಸರಿನ ಅತಿಥಿಯೊಬ್ಬರು ವೇದಿಕೆಯ ಮೇಲೆ ಬಹಳ ಹೊತ್ತು ಮಾತಾಡಿದರು. ತಮ್ಮ ವಿದೇಶ ಪ್ರವಾಸದ ಬಗ್ಗೆ, ತಮ್ಮ ಗುರುಗಳ ಬಗ್ಗೆ ಹೇಳಿದರು. ಕೊನೆಗೆ ನನ್ನನ್ನು ‘ಭರವಸೆಯ ಲೇಖಕಿ’ ಅಂದರು. ಪುಸ್ತಕದಲ್ಲಿ ಇದ್ದದ್ದು ಕಥೆಗಳು, ಅವರು ಕವಿತೆ ಅಂದುಕೊಂಡಿದ್ದರು. ಸಭೆ ಚಪ್ಪಾಳೆ ತಟ್ಟಿತು. ಇಷ್ಟು ವರ್ಷವಾದರೂ ನೆನಪಾದರೆ ಮೈ ಉರಿಯುತ್ತದೆ. ಅದೇ ಸಂಜೆ ಮೆಟ್ಟಿಲ ಹತ್ತಿರ ಪಕ್ಕದ ಟೇಬಲ್ಲಿನ ಸಹೋದ್ಯೋಗಿ ಸಿಕ್ಕಿದಳು. ಬಸ್ಸಿನಲ್ಲಿ ಓದಿಕೊಂಡು ಬಂದಿದ್ದಳಂತೆ. ‘ಮೂರನೇ ಕಥೇಲಿ ಆ ಅತ್ತೆ ಊಟ ಮಾಡದೆ ಯಾಕೆ ಎದ್ದು ಹೋದಳು?’ ಅಂತ ಕೇಳಿದಳು. ಬಸ್ ಸ್ಟಾಪ್‌ವರೆಗೂ ಅದನ್ನೇ ಜಗಳವಾಡಿದೆವು. ನಿನಗೆ ಮುನ್ನುಡಿ ಕೊಡದಿರುವುದಕ್ಕೂ ಕಾರಣ ಇದೇ. ನನ್ನ ಎರಡು ಪುಟದ ಹೊಗಳಿಕೆ ಓದಿ ಯಾರೂ ನಿನ್ನ ಅಡುಗೆಯ ಹೆಂಗಸಿನ ಬಗ್ಗೆ ಜಗಳವಾಡುವುದಿಲ್ಲ.

ಪುಸ್ತಕ ಜನರ ಕೈಗೆ ಹೋಗಬೇಕು ಅಂತ ಒದ್ದಾಡಿದವರು ನಮ್ಮಲ್ಲಿ ತುಂಬ ಜನ ಇದ್ದರು. 10ನೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ಕ್ಕೆ 1000 ಓಲೆಯ ಪ್ರತಿ ಬರೆಯಿಸಿ ಹಂಚಿದಳು. ಅದು ಅವಳು ಬರೆದ ಕಾವ್ಯವಲ್ಲ, ಇನ್ನೊಬ್ಬರದು. ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು ಊರೂರು ಸುತ್ತಿ ಮಾರಿದರು. ಅವರಿಗೆ ಓದುಗರು ಸಿದ್ಧವಾಗಿ ಕೂತಿರಲಿಲ್ಲ ಮಗು.

ನೀನು ಗಂಟು ಹೊರಬೇಕಾಗಿಲ್ಲ. ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋದ ನೇರಳೆ ಮಾರ್ಗದಲ್ಲಿ ದಿನಾ ಹೋಗಿ ಬರುತ್ತೀಯ. ಮೆಜೆಸ್ಟಿಕ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಗೊತ್ತು. ಒಂದು ಕೈಯಲ್ಲಿ ಹಿಡಿದು ನಿಂತು ಓದುವಂಥ ಸಣ್ಣ ಪುಸ್ತಕ ತಗೋ. ಆಗದಿದ್ದರೆ ಸೀಟು ಸಿಕ್ಕ ಮೇಲೆ ಓದು. ದುಡ್ಡು ಜಾಸ್ತಿ ಅಂದರೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಿವೆ, ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯ ಇದೆ. ಈ ಊರಿನಲ್ಲಿ ಮನೆ ಇದ್ದವರು ಆಸ್ತಿ ತೆರಿಗೆಯ ಜೊತೆ 6% ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಕಟ್ಟಿದ ಮೇಲೆ ಒಳಗೆ ಹೋಗದಿದ್ದರೆ ಹೇಗೆ? ಅದೇ ಪಾರ್ಕಿನ ಹುಲ್ಲಿನ ಮೇಲೆ 2023ರಿಂದ ಪ್ರತಿ ಶನಿವಾರ ನಿನ್ನ ವಯಸ್ಸಿನವರು ಚಾಪೆ ಹಾಸಿ ಮೌನವಾಗಿ ಓದುತ್ತಾರೆ. ‘ಕಬ್ಬನ್ ರೀಡ್ಸ್’ ಅಂತ ಹೆಸರು. ಒಂದು ಸಲ ಹೋಗಿ ನೋಡಿ ಬಂದೆ, ಕಣ್ಣು ತುಂಬಿ ಬಂತು. ನೀನು ಕನ್ನಡ ಪುಸ್ತಕ ಹಿಡಿದು ಹೋಗು. ಮುಗಿದ ಮೇಲೆ ಚಾಪೆ ಮಡಚಿಕೊಂಡು ಹಾಗೇ ಬಂದುಬಿಡಬೇಡ. ಪಕ್ಕದಲ್ಲಿ ಕೂತವರನ್ನು ಏನು ಓದ್ತಿದ್ದೀರಿ ಅಂತ ಕೇಳು, ನಿನ್ನದನ್ನು ಹೇಳು.

ಇನ್ನು ನಿಮ್ಮ ಅಪ್ಪ. ಮುಂಚೆ ವಾರಪತ್ರಿಕೆ ಬಂದ ದಿನ ಧಾರಾವಾಹಿಯನ್ನು ಮನೆಯವರಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದರು ಅಂತ ಬರೆದಿದ್ದೀಯ. ರಿಟೈರ್ ಆಗಿ ಈಗ ಟಿವಿ ಮುಂದೆ ಕೂರುತ್ತಾರೆ ಅಂತಲೂ ಬರೆದಿದ್ದೀಯ. ರಾತ್ರಿ ಹೇಗೂ ಮನೆಗೆ ಫೋನ್ ಮಾಡುತ್ತೀಯ. ಊಟ ಆಯ್ತಾ ಅಂತ ಕೇಳಿದ ಮೇಲೆ ಅವತ್ತು ಓದಿದ್ದನ್ನು ಅವರಿಗೆ ಹೇಳು. ಒಂದು ಪುಟ ಓದಿಯೇ ತೋರಿಸು. ಮೊದಲ ಎರಡು ದಿನ ಅವರಿಗೆ ವಿಚಿತ್ರ ಅನ್ನಿಸಬಹುದು. ಆಮೇಲೆ ಅವರೇ ಕಾಯುತ್ತಾರೆ, ಓದದೆ ಫೋನ್ ಮಾಡಲು ನಿನಗೇ ನಾಚಿಕೆಯಾಗುತ್ತದೆ.

ಉಳಿದ ಕಥೆಗಳ ಬಗ್ಗೆ ನಾನು ಬರೆಯುವ ಮುಂಚೆ ನಿನ್ನಿಂದ ಒಂದು ಕಾಗದ ಬರಲಿ. ಅದರಲ್ಲಿ ನಿನ್ನ ಕಥೆಗಳ ಸುದ್ದಿ ಬೇಡ, ಬಹುಮಾನದ ಸುದ್ದಿಯಂತೂ ಬೇಡವೇ ಬೇಡ. ಯಾವ ಪುಸ್ತಕ, ಎಷ್ಟನೇ ಪುಟ, ಎಲ್ಲಿ ಬೇಸರವಾಯಿತು, ಅಪ್ಪ ಏನಂದರು, ಇಷ್ಟು ಬರಿ. ನನ್ನನ್ನು ಮೇಡಂ ಅನ್ನುವುದನ್ನೂ ಬಿಡು, ಅಜ್ಜಿ ಅಂದರೆ ಸಾಕು. ಹಾಂ, ಪಿಜಿ ಅಡುಗೆಯ ಹೆಂಗಸಿನ ಕಥೆಯನ್ನು ಯಾರು ಎಷ್ಟೇ ಹೇಳಿದರೂ ತಿದ್ದಬೇಡ.

ಆಶೀರ್ವಾದಗಳು.