ಡಗ್ ವಿಲಿಯಮ್ಸ್ ಬಗ್ಗೆ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಪ್ಪಾ, ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಅಂದ್ರೆ ಎಲ್ಲರೂ ಟಾಮ್ ಬ್ರೇಡಿ ಅಂತಾರೆ, ನೀನು ಮಾತ್ರ ಯಾಕೆ ಡಗ್ ವಿಲಿಯಮ್ಸ್ ಅಂತೀಯ?" ಅಂತ. ಅದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತಂಡದ ಆಟ ನಡೆಸಿ ಪಾಸ್ ಎಸೆಯುವವನೇ ಕ್ವಾರ್ಟರ್‌ಬ್ಯಾಕ್. ಮೊದಲು ವಿಲಿಯಮ್ಸ್ ಅವರ ಅಂಕಿಅಂಶ ಹೇಳಿಬಿಡುತ್ತೇನೆ. ಎನ್.ಎಫ್.ಎಲ್. ಎಂಬ ವೃತ್ತಿಪರ ಲೀಗ್‌ನಲ್ಲಿ ಆರಂಭದಿಂದ ಕಣಕ್ಕಿಳಿದ ಲೀಗ್ ಹಂತದ ಪಂದ್ಯಗಳಲ್ಲಿ 38 ಗೆಲುವು, 42 ಸೋಲು, ಒಂದು ಟೈ. ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸುವುದು) ತಂದ ಪಾಸ್ 100, ಎದುರಾಳಿ ಕೈಗೆ ಹೋದ ಪಾಸ್ 93. ಆಟದ ದಿಗ್ಗಜರನ್ನು ಗೌರವಿಸುವ, ಒಹಾಯೊದ ಕ್ಯಾಂಟನ್‌ನಲ್ಲಿರುವ ಹಾಲ್ ಆಫ್ ಫೇಮ್‌ಗೆ ಅವರನ್ನು ಆಟಗಾರನಾಗಿ ಸೇರಿಸಿಲ್ಲ. ಇಷ್ಟು ನೋಡಿದವರು "ಒಂದೇ ಒಂದು ದಿನ ಚೆನ್ನಾಗಿ ಆಡಿದ, ಅಷ್ಟೇ" ಅಂತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಅವರು ಬೆಳೆದದ್ದು ಲೂಸಿಯಾನಾದ ಜ್ಯಾಕರಿ ಎಂಬ ಊರಿನಲ್ಲಿ. ಓದಿದ್ದು ಕಪ್ಪು ಜನರ ಹಳೇ ಕಾಲೇಜು ಗ್ರ್ಯಾಂಬ್ಲಿಂಗ್‌ನಲ್ಲಿ, ಕೋಚ್ ಎಡ್ಡಿ ರಾಬಿನ್ಸನ್ ಕೈಕೆಳಗೆ. ಆಗಿನ ಕಾಲದಲ್ಲಿ ಕಪ್ಪು ಹುಡುಗ ಕ್ವಾರ್ಟರ್‌ಬ್ಯಾಕ್ ಆಗುವುದೆಂದರೆ ಸುಲಭವಿರಲಿಲ್ಲ. ಈ ಜಾಗದಲ್ಲಿ ನಿಂತವನೇ ಚೆಂಡು ಕೈಗೆ ಬಂದ ಎರಡು ಮೂರು ಸೆಕೆಂಡಿನಲ್ಲಿ ಎಲ್ಲವನ್ನೂ ತೀರ್ಮಾನಿಸಬೇಕು, ಮಿಕ್ಕ ಹತ್ತು ಜನ ಅವನು ಹೇಳಿದಂತೆ ಓಡಬೇಕು. ಕಪ್ಪು ಹುಡುಗನಿಗೆ ಓಡುವ ಕಾಲಿದೆ, ಯೋಚಿಸುವ ತಲೆ ಇಲ್ಲ ಅಂತ ತಂಡ ನಡೆಸುವವರು ನಂಬಿದ್ದರು. 1968ರಲ್ಲಿ ಎಲ್ಡ್ರಿಡ್ಜ್ ಡಿಕಿ ಎಂಬ ಕ್ವಾರ್ಟರ್‌ಬ್ಯಾಕನ್ನು ಓಕ್‌ಲ್ಯಾಂಡ್ ರೇಡರ್ಸ್ ಮೊದಲ ಸುತ್ತಿನಲ್ಲೇ ಆರಿಸಿಕೊಂಡರು, ಆಮೇಲೆ ಚೆಂಡು ಹಿಡಿಯುವ ರಿಸೀವರ್ ಮಾಡಿಬಿಟ್ಟರು. ಹೀಗೆ ಜಾಗ ಬದಲಿಸಿಕೊಂಡು ಕಳೆದುಹೋದವರು ಎಷ್ಟು ಜನವೋ.

ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಮುಂಚೆ, 1978ರಲ್ಲಿ, ಟ್ಯಾಂಪಾ ಬೇ ತಂಡದ ಸಹಾಯಕ ಕೋಚ್ ಒಬ್ಬರು ಗ್ರ್ಯಾಂಬ್ಲಿಂಗ್ ಕಡೆಗೆ ಬಂದರು. ಹೆಸರು ಜೋ ಗಿಬ್ಸ್. ವಿಲಿಯಮ್ಸ್ ಆಗ ಶಿಕ್ಷಕ ತರಬೇತಿಗೆಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಗಿಬ್ಸ್ ಅಲ್ಲೇ ಹೋಗಿ ಕೂತು ಅವರನ್ನು ನೋಡಿದರು, ಮಾತಾಡಿಸಿದರು, ಇವರನ್ನು ಬಿಡಬಾರದು ಅಂತ ವಾಪಸ್ ಹೋಗಿ ಹೇಳಿದರು. ಈ ಗಿಬ್ಸ್ ಹೆಸರು ನೆನಪಿಟ್ಟುಕೋ, ಮುಂದೆ ಬರುತ್ತಾರೆ.

ಟ್ಯಾಂಪಾ ಎಂಥ ತಂಡ ಗೊತ್ತಾ? ಹುಟ್ಟಿದ ಮೇಲೆ ಸತತ 26 ಪಂದ್ಯ ಸೋತಿತ್ತು. ವಿಲಿಯಮ್ಸ್ ಬಂದ ಮರುವರ್ಷವೇ, 1979ರಲ್ಲಿ, ಅದೇ ತಂಡ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ಗೆ ಒಂದೇ ಪಂದ್ಯದ ದೂರದಲ್ಲಿ ನಿಂತಿತು. ಐದು ವರ್ಷದಲ್ಲಿ ಮೂರು ಸಲ ಪ್ಲೇಆಫ್. ಆದರೆ ಸಂಬಳ? ವರ್ಷಕ್ಕೆ 1,20,000 ಡಾಲರ್. ಬೇರೆ ತಂಡಗಳಲ್ಲಿ ಬೆಂಚಿನ ಮೇಲೆ ಕೂತ ಬದಲಿ ಕ್ವಾರ್ಟರ್‌ಬ್ಯಾಕ್‌ಗಳಲ್ಲೇ ಹನ್ನೆರಡು ಜನರಿಗೆ ಇದಕ್ಕಿಂತ ಜಾಸ್ತಿ ಸಿಗುತ್ತಿತ್ತು. 1982ರ ಸೀಸನ್ ಮುಗಿದಾಗ ಅವರು ಆರು ಲಕ್ಷ ಕೇಳಿದರು. ಮಾಲೀಕರು ನಾಲ್ಕು ಲಕ್ಷದ ಮೇಲೆ ಕೊಡಲ್ಲ ಅಂದರು.

ಅದೇ ಹೊತ್ತಿಗೆ, 1983ರ ಏಪ್ರಿಲ್‌ನಲ್ಲಿ, ಹೆಂಡತಿ ಜ್ಯಾನಿಸ್ ಮೆದುಳಿನ ಗೆಡ್ಡೆಯಿಂದ ತೀರಿಕೊಂಡರು. ಮದುವೆಯಾಗಿ ಒಂದು ವರ್ಷ ಆಗಿತ್ತು ಅಷ್ಟೇ. ಮಗಳು ಆಶ್ಲಿ ಇನ್ನೂ ಮೂರು ತಿಂಗಳ ಕೂಸು.

ಪುಟ್ಟಿ, ಯಾವ ಪಂದ್ಯಕ್ಕಿಂತ ಹೆಚ್ಚಾಗಿ ನಾನು ಯೋಚಿಸುವುದು ಈ ವರ್ಷದ ಬಗ್ಗೆ. ಕಂಕುಳಲ್ಲಿ ಕೂಸು, ಮನೆಯಲ್ಲಿ ಸಾವು. ಅಂಥ ಹೊತ್ತಿನಲ್ಲಿ ನಾಲ್ಕು ಲಕ್ಷಕ್ಕೆ ಸಹಿ ಹಾಕಿದ್ದರೆ ಯಾರು ತಪ್ಪು ಅನ್ನುತ್ತಿದ್ದರು ಹೇಳು? ಅವರು ಹಾಕಲಿಲ್ಲ. ಆ ವರ್ಷ ಆಡಲೇ ಇಲ್ಲ, ಊರಿಗೆ ಬಂದು ಮಗಳನ್ನು ನೋಡಿಕೊಂಡರು. ದುಡ್ಡಿನಾಸೆ ಅಂತ ಬರೆದವರಿದ್ದಾರೆ. ನನಗೆ ಹಾಗೆ ಕಾಣುವುದೇ ಇಲ್ಲ. ತನಗಿಂತ ಕಡಿಮೆ ಆಡುವವರಿಗೆ ಕೊಡುವಷ್ಟನ್ನಾದರೂ ನನಗೂ ಕೊಡಿ ಅಂತ ಕೇಳುವುದರಲ್ಲಿ ಆಸೆ ಎಲ್ಲಿದೆ? ನೀನೂ ಇನ್ನು ಸ್ವಲ್ಪ ದಿನಕ್ಕೆ ಕೆಲಸ ಹುಡುಕುವವಳು, ಅದಕ್ಕೇ ಇದನ್ನು ಇಷ್ಟು ಉದ್ದ ಬರೆದೆ. ಟ್ಯಾಂಪಾ ಆ ವರ್ಷ 16 ಪಂದ್ಯದಲ್ಲಿ 14 ಸೋತಿತು, ಮತ್ತೆ ಪ್ಲೇಆಫ್ ಮುಖ ನೋಡಿದ್ದು 1997ರಲ್ಲಿ.

ಆಮೇಲೆ ಎರಡು ವರ್ಷ ಯು.ಎಸ್.ಎಫ್.ಎಲ್. ಎಂಬ ಬೇರೆ ಲೀಗ್‌ನಲ್ಲಿ ಆಡಿದರು, ಅದೂ ಮುಚ್ಚಿಹೋಯಿತು. ಆಗ ಕರೆದದ್ದು ಗಿಬ್ಸ್. ಅಷ್ಟರಲ್ಲಿ ಅವರು ವಾಷಿಂಗ್ಟನ್ ತಂಡದ ಮುಖ್ಯ ಕೋಚ್ ಆಗಿದ್ದರು. ಕೊಟ್ಟ ಕೆಲಸ ಮಾತ್ರ ಬದಲಿ ಆಟಗಾರನದು. 1986ರ ಇಡೀ ಸೀಸನ್‌ನಲ್ಲಿ ವಿಲಿಯಮ್ಸ್ ಎಸೆದದ್ದು ಒಂದೇ ಒಂದು ಪಾಸ್, ಅದೂ ಯಾರಿಗೂ ಸಿಗಲಿಲ್ಲ. ಮುಂದಿನ ವರ್ಷ ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ಜೇ ಶ್ರೋಡರ್ ಆಟ ಕೈಕೊಟ್ಟಾಗಲೆಲ್ಲ ಇವರನ್ನು ಇಳಿಸಿದರು, ಇವರು ಗೆಲ್ಲಿಸಿಕೊಟ್ಟರು, ಕೊನೆಗೆ ಪ್ಲೇಆಫ್‌ಗೆ ಇವರೇ ಅಂತ ಗಿಬ್ಸ್ ತೀರ್ಮಾನ ಮಾಡಿದರು.

1988ರ ಜನವರಿ 31. ನಮ್ಮ ಸ್ಯಾನ್ ಡಿಯೇಗೊದಲ್ಲೇ, ಮಿಷನ್ ವ್ಯಾಲಿಯ ಜ್ಯಾಕ್ ಮರ್ಫಿ ಸ್ಟೇಡಿಯಂನಲ್ಲಿ. ನೀನು ಚಿಕ್ಕವಳಿದ್ದಾಗ ಅದನ್ನು ಕ್ವಾಲ್‌ಕಾಮ್ ಸ್ಟೇಡಿಯಂ ಅನ್ನುತ್ತಿದ್ದೆವಲ್ಲ, ಅದೇ. ಈಗ ಒಡೆದು ಹಾಕಿದ್ದಾರೆ, ಪಕ್ಕದಲ್ಲಿ ಸ್ನ್ಯಾಪ್‌ಡ್ರ್ಯಾಗನ್ ಸ್ಟೇಡಿಯಂ ಎದ್ದಿದೆ. ಸೂಪರ್ ಬೌಲ್‌ನಲ್ಲಿ ಮೊದಲ ಸಲ ಒಬ್ಬ ಕಪ್ಪು ಕ್ವಾರ್ಟರ್‌ಬ್ಯಾಕ್ ಆರಂಭದಿಂದ ಆಡುತ್ತಿದ್ದ. ವಾರವಿಡೀ ಪತ್ರಕರ್ತರು ಬಣ್ಣದ ಪ್ರಶ್ನೆಯನ್ನೇ ತಿರುಗಿಸಿ ಮುರುಗಿಸಿ ಕೇಳಿದರು. ಹಿಂದಿನ ದಿನ ಹಲ್ಲುನೋವು ಜಾಸ್ತಿಯಾಗಿ ಗಂಟೆಗಟ್ಟಲೆ ರೂಟ್ ಕೆನಾಲ್ ಮಾಡಿಸಿಕೊಂಡರು. ಎದುರಿಗೆ ಡೆನ್ವರ್ ತಂಡ, ಅದರ ಕ್ವಾರ್ಟರ್‌ಬ್ಯಾಕ್ ಜಾನ್ ಎಲ್ವೇ. ಪಂದ್ಯದ ನಾಲ್ಕು ಕ್ವಾರ್ಟರ್‌ಗಳಲ್ಲಿ ಮೊದಲನೆಯದರಲ್ಲೇ 10-0 ಹಿಂದೆ. ಅದರ ಜೊತೆ ಕಾಲು ಜಾರಿ ಮೊಣಕಾಲು ತಿರುಚಿ ಬಿದ್ದರು, ಶ್ರೋಡರ್ ಒಳಗೆ ಬಂದರು.

ಕುಂಟುತ್ತಲೇ ಇವರು ವಾಪಸ್ ಬಂದರು. ಎರಡನೇ ಕ್ವಾರ್ಟರ್‌ನ ಮೊದಲ ಪಾಸಿಗೇ ರಿಕಿ ಸ್ಯಾಂಡರ್ಸ್ ಕೈಗೆ ಚೆಂಡು, 80 ಯಾರ್ಡ್, ಟಚ್‌ಡೌನ್. ಆಮೇಲೆ ಗ್ಯಾರಿ ಕ್ಲಾರ್ಕ್‌ಗೆ 27 ಯಾರ್ಡ್. ಮತ್ತೆ ಸ್ಯಾಂಡರ್ಸ್‌ಗೆ 50. ನಾಲ್ಕನೆಯದು ಕ್ಲಿಂಟ್ ಡಿಡಿಯರ್‌ಗೆ. ನಡುವೆ ಟಿಮ್ಮಿ ಸ್ಮಿತ್ 58 ಯಾರ್ಡ್ ಓಡಿ ಇನ್ನೊಂದು. ಒಂದೇ ಕ್ವಾರ್ಟರ್‌ನಲ್ಲಿ 35 ಅಂಕ! ಕೊನೆಗೆ 42-10, ಒಟ್ಟು 340 ಯಾರ್ಡ್ ಪಾಸ್, ಪಂದ್ಯದ ಶ್ರೇಷ್ಠ ಆಟಗಾರ. ಹತ್ತು ವರ್ಷ ಕಾದವರ ಕೈಯಿಂದ ಬಂದ ಆಟ ಅದು, ಅದನ್ನು ಒಂದು ದಿನದ ಆಟ ಅಂತ ನಾನು ಹೇಗೆ ಒಪ್ಪಲಿ?

ಆಮೇಲೆ ಜಾಸ್ತಿ ದಿನ ನಡೆಯಲಿಲ್ಲ. ಬೆನ್ನುನೋವು ಕಾಡಿತು, 1990ರಲ್ಲಿ ತಂಡ ಕೈಬಿಟ್ಟಿತು, ಬೇರೆ ಯಾರೂ ಕರೆಯಲಿಲ್ಲ. ಆಟ ನಿಂತ ಮೇಲೆ ಅವರು ಕೋಚ್ ಆದರು. 408 ಪಂದ್ಯ ಗೆಲ್ಲಿಸಿದ ರಾಬಿನ್ಸನ್ ನಿವೃತ್ತರಾದಾಗ, 1998ರಲ್ಲಿ, ಗುರುವಿನ ಜಾಗಕ್ಕೆ ಗ್ರ್ಯಾಂಬ್ಲಿಂಗ್‌ಗೇ ಬಂದು 2000ದಿಂದ ಮೂರು ವರ್ಷ ಸತತವಾಗಿ ತಮ್ಮ ಗುಂಪಿನ ಕಾಲೇಜುಗಳ ಚಾಂಪಿಯನ್‌ಶಿಪ್ ಗೆಲ್ಲಿಸಿದರು. ಕಪ್ಪು ಕಾಲೇಜುಗಳ ಆಟಗಾರರಿಗಾಗಿಯೇ ಒಂದು ಹಾಲ್ ಆಫ್ ಫೇಮ್ ಬೇಕು ಅಂತ ಜೇಮ್ಸ್ ಹ್ಯಾರಿಸ್ ಜೊತೆ ಸೇರಿ ಅದನ್ನೂ ಕಟ್ಟಿದರು. ಹ್ಯಾರಿಸ್ ಕೂಡ ಗ್ರ್ಯಾಂಬ್ಲಿಂಗ್‌ನ ಕ್ವಾರ್ಟರ್‌ಬ್ಯಾಕೇ, ವಿಲಿಯಮ್ಸ್‌ಗಿಂತ ಮುಂಚಿನವರು.

ಸೂಪರ್ ಬೌಲ್ ಗೆದ್ದ ಎರಡನೇ ಕಪ್ಪು ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್, 2014ರಲ್ಲಿ. ನಡುವೆ 26 ವರ್ಷ, ಯೋಚಿಸು. ನೀನು ಗೆಳತಿಯರ ಜೊತೆ ನೋಡಿದೆಯಲ್ಲ 2023ರ ಫೈನಲ್, ಮಹೋಮ್ಸ್ ಒಂದು ಕಡೆ, ಜೇಲನ್ ಹರ್ಟ್ಸ್ ಇನ್ನೊಂದು ಕಡೆ, ಎರಡೂ ತಂಡದಲ್ಲಿ ಕಪ್ಪು ಕ್ವಾರ್ಟರ್‌ಬ್ಯಾಕ್ ಇದ್ದದ್ದು ಅದೇ ಮೊದಲು. ಅಷ್ಟು ಹೊತ್ತಿಗೆ ಯಾರೂ ಅವರಿಗೆ ನೀನು ರಿಸೀವರ್ ಆಗು ಅನ್ನುತ್ತಿರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಆ ಎರಡನೇ ಕ್ವಾರ್ಟರ್ ಪೂರ್ತಿ ನೋಡು, ತುಣುಕುಗಳನ್ನಲ್ಲ. ಪಾಸ್ ಎಸೆಯುವ ಮುಂಚೆ ಅವರು ಎಷ್ಟು ಹೊತ್ತು ಅಲುಗಾಡದೆ ನಿಲ್ಲುತ್ತಾರೆ ಅಂತ ಗಮನಿಸು, ಆ ಮೊಣಕಾಲಿನಲ್ಲಿ. ಭಾನುವಾರ ಫೋನ್ ಮಾಡು, ಬ್ರೇಡಿ ಪರ ನಿನ್ನ ವಾದ ಏನಿದ್ದರೂ ಕೇಳುತ್ತೇನೆ. ಅಮ್ಮ ಚಟ್ನಿಪುಡಿ ಕಳಿಸಿದ್ದಾಳೆ, ಬಂತಾ ಹೇಳು.

ನಿನ್ನ
ಅಪ್ಪ