ವಿಷಯ: ‘ರೋಗಿಯ ಕೋರಿಕೆಯ ಮೇರೆಗೆ ಮುಂದೂಡಲಾಗಿದೆ’ ಎಂಬ ನಿಮ್ಮ ದಾಖಲೆಯ ಕುರಿತು ದೂರು

ತರೀಕೆರೆ
11 ಅಕ್ಟೋಬರ್ 2021

ಗೆ,
ವೈದ್ಯಕೀಯ ಅಧೀಕ್ಷಕರು ಮತ್ತು ರೋಗಿಗಳ ಕುಂದುಕೊರತೆ ವಿಭಾಗ

ಮಾನ್ಯರೇ,

ಕಳೆದ ಶುಕ್ರವಾರ ನಮ್ಮ ಅಕ್ಕನ ಮೊಬೈಲಿಗೆ ನಿಮ್ಮ ಆಸ್ಪತ್ರೆಯಿಂದ ಒಂದು ಸಂದೇಶ ಬಂತು. ಸ್ತನ ಕ್ಯಾನ್ಸರ್ ಜಾಗೃತಿ ಮಾಸದ ಅಂಗವಾಗಿ ಇದೇ 24ರ ಭಾನುವಾರ ಉಚಿತ ತಪಾಸಣಾ ಶಿಬಿರವಿದೆಯೆಂದೂ, ನೋವಿಲ್ಲದ ಗಂಟನ್ನೂ ಕಡೆಗಣಿಸದೆ ತಕ್ಷಣ ಬರಬೇಕೆಂದೂ ಅದರಲ್ಲಿತ್ತು. ಹದಿನಾಲ್ಕು ತಿಂಗಳಿಂದ ನಾನು ಮಾಡಿದ ಒಂಬತ್ತು ಕರೆಗಳಿಗೂ ಎರಡು ಇಮೇಲ್‌ಗಳಿಗೂ ನೆಟ್ಟಗೆ ಉತ್ತರಿಸಲು ನಿಮಗೆ ಸಿಗದಿದ್ದ ನಮ್ಮ ವಿಳಾಸ, ಶಿಬಿರಕ್ಕೆ ಕರೆಯಲು ಮಾತ್ರ ಸುಲಭವಾಗಿ ಸಿಕ್ಕಿದೆ. ಆದ್ದರಿಂದ ಕರೆ ಮಾಡುವುದನ್ನು ಬಿಟ್ಟು ಈ ಪತ್ರ ಬರೆಯುತ್ತಿದ್ದೇನೆ.

2020ರ ಮಾರ್ಚ್ 16ರಂದು ನಿಮ್ಮಲ್ಲೇ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಅಕ್ಕನ ಎಡ ಸ್ತನದಲ್ಲಿ 2.4 ಸೆಂ.ಮೀ. ಗಂಟು ಕಂಡಿತ್ತು, ಕಂಕುಳಲ್ಲಿ ಏನೂ ಇರಲಿಲ್ಲ. ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಗೆ ಮಾರ್ಚ್ 27 ಗೊತ್ತುಮಾಡಿದ ನಿಮ್ಮ ವೈದ್ಯರು, ಕ್ಯಾನ್ಸರ್ ಆಗಿದ್ದರೂ ಸ್ತನ ಉಳಿಸಿಕೊಂಡೇ ಗಂಟು ತೆಗೆಯಬಹುದೆಂದು ಧೈರ್ಯ ಹೇಳಿದ್ದರು. 25ರಿಂದ ಲಾಕ್‌ಡೌನ್ ಆಯಿತು. 26ರಂದು ಫೋನ್ ಮಾಡಿ ‘ಬರಬೇಡಿ’ ಎಂದವರು ನೀವು. ಲಾಕ್‌ಡೌನ್ ಆದೇಶದಲ್ಲಿ ಆಸ್ಪತ್ರೆಗಳಿಗೆ ವಿನಾಯಿತಿ ಇತ್ತೆಂಬುದನ್ನೂ, ಕಿಮೊಥೆರಪಿ, ಡಯಾಲಿಸಿಸ್, ಹೆರಿಗೆಯಂಥ ಸೇವೆಗಳನ್ನು ಖಾಸಗಿಯವರೂ ನಿಲ್ಲಿಸಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ ಅದೇ ಏಪ್ರಿಲ್‌ನಲ್ಲಿ ತಿಳಿಸಿತ್ತೆಂಬುದನ್ನೂ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಏಪ್ರಿಲ್ 22ರಂದು ಪೊಲೀಸ್ ಠಾಣೆಯಿಂದ ಪಾಸ್ ಪಡೆದು, ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿಯಲ್ಲಿ ಚೆಕ್‌ಪೋಸ್ಟ್ ಚೆಕ್‌ಪೋಸ್ಟಿಗೂ ಸ್ಕ್ಯಾನಿಂಗ್ ರಿಪೋರ್ಟ್ ತೋರಿಸುತ್ತಾ ನಿಮ್ಮ ಗೇಟಿಗೆ ಬಂದೆವು. ಅಲ್ಲೊಂದು ಶಾಮಿಯಾನ, ಅದರಡಿ ಮೇಜು, ಮೇಜಿನಿಂದ ಆರಡಿ ದೂರಕ್ಕೆ ಸುಣ್ಣದಲ್ಲಿ ಬರೆದ ವೃತ್ತಗಳು. ಅಕ್ಕ ಒಂದು ವೃತ್ತದಲ್ಲಿ, ನಾನು ಅವಳ ಹಿಂದಿನದರಲ್ಲಿ. ಮೇಜಿನ ಹಿಂದಿದ್ದ ನಿಮ್ಮ ಸಿಬ್ಬಂದಿ ‘ಏನು ತೊಂದರೆ?’ ಎಂದರು. ಅಕ್ಕ ಮಾಸ್ಕಿನೊಳಗಿಂದ ಮೆಲ್ಲಗೆ ಏನೋ ಅಂದಳು. ‘ಕೇಳಿಸ್ತಿಲ್ಲ, ಜೋರಾಗಿ ಹೇಳಿ.’ ‘ಗಂಟು.’ ‘ಎಲ್ಲಿ?’ ಅಕ್ಕ ಸೆರಗಿನ ಮೇಲೆ ಕೈಯಿಟ್ಟಳು. ‘ಕೈ ತೋರಿಸಿದ್ರೆ ಬರ್ಕೊಳ್ಳೋಕಾಗಲ್ಲಮ್ಮ, ಬಾಯಿಬಿಟ್ಟು ಹೇಳಿ.’ ಈ ಗಂಟಿನ ವಿಷಯವನ್ನು ಮೊದಲ ಬಾರಿ ನನ್ನ ಹೆಂಡತಿಗೆ, ಅದೂ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಹೇಳಿದ್ದ ನಮ್ಮಕ್ಕ, ಅಂದು ಸೆಕ್ಯುರಿಟಿಯವರೂ ಅಪರಿಚಿತರೂ ಕೇಳುವಂತೆ ಕೂಗಿ ಹೇಳಬೇಕಾಯಿತು. ಪಕ್ಕದ ಸಾಲಿನ ಮುದುಕರೊಬ್ಬರು ತಿರುಗಿ ನೋಡಿದರು. ನಾನು ಬಗ್ಗಿ, ಸರಿಯಾಗಿಯೇ ಇದ್ದ ಚಪ್ಪಲಿಯ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತಾ ನಿಂತೆ.

‘ನೋವಿದೆಯಾ?’ ‘ಇಲ್ಲ.’ ‘ರಕ್ತ ಬರ್ತಿದೆಯಾ?’ ‘ಇಲ್ಲ.’ ‘ಹಾಗಾದ್ರೆ ಎಮರ್ಜೆನ್ಸಿ ಅಲ್ಲ, ಎಲೆಕ್ಟಿವ್, ಅಂದ್ರೆ ಆಮೇಲೂ ಮಾಡಬಹುದು. ಎಲ್ಲ ಓಪನ್ ಆದ್ಮೇಲೆ ನಾವೇ ಫೋನ್ ಮಾಡ್ತೀವಿ.’ ವೈದ್ಯರನ್ನಾದರೂ ನೋಡಿ ಹೋಗುತ್ತೇವೆಂದು ನಾನು ಕೇಳಿಕೊಂಡಾಗ ಕೋವಿಡ್ ನೆಗೆಟಿವ್ ರಿಪೋರ್ಟ್ ಬೇಕೆಂದರು. ಇಲ್ಲೇ ಟೆಸ್ಟ್ ಮಾಡಿ ಎಂದರೆ, ಜ್ವರವಿಲ್ಲದವರಿಗೆ ಮಾಡುವುದಿಲ್ಲವೆಂದರು. ಅಂದರೆ, ಒಳಗೆ ಬರಲು ಅಕ್ಕನಿಗೆ ಇದ್ದ ಕೊರತೆ ಜ್ವರವೊಂದೇ. ಸ್ತನ ಕ್ಯಾನ್ಸರ್‌ನ ಗಂಟು ಮೊದಲಿಗೆ ಸಾಮಾನ್ಯವಾಗಿ ನೋಯುವುದಿಲ್ಲವೆಂಬ ಸಂಗತಿ ಅಂದು ನಿಮ್ಮ ಗೇಟಿನವರೆಗೆ ತಲುಪಿರಲಿಲ್ಲ. ಈಗ ನಿಮ್ಮ ಎಸ್‌ಎಂಎಸ್‌ವರೆಗೆ ತಲುಪಿರುವುದು ಸಂತೋಷ.

ನಿಮ್ಮ ಫೋನ್ ಬರಲೇ ಇಲ್ಲ. ಜುಲೈ 24ರಂದು ಬೇರೆ ಆಸ್ಪತ್ರೆಯಲ್ಲಿ ಬಯಾಪ್ಸಿಯಾಯಿತು. ಅಷ್ಟರಲ್ಲಿ ಗಂಟು 5.2 ಸೆಂ.ಮೀ. ಆಗಿತ್ತು, ಕಂಕುಳ ಗ್ರಂಥಿಗಳಿಗೆ ಹರಡಿತ್ತು, ಮೂರನೇ ಹಂತವೆಂದರು. ಮೊದಲು ಕಿಮೊ, ಆಮೇಲೆ ಇಡೀ ಸ್ತನ ತೆಗೆದದ್ದು, ಆಮೇಲೆ ರೇಡಿಯೇಶನ್. ವಿವರ ನಿಮಗೆ ಬೇಕಾಗದು.

ಆಗ ಎಲ್ಲ ಕಡೆಯೂ ಹಾಗೇ ಇತ್ತೆಂದು ನಿಮ್ಮ ಮೇಲ್ವಿಚಾರಕರು ಒಮ್ಮೆ ಫೋನಿನಲ್ಲಿ ಹೇಳಿದ್ದರು. ಎಲ್ಲ ಕಡೆ ಹೇಗಿತ್ತೆಂಬ ಲೆಕ್ಕ ಈ ವರ್ಷ ‘ಲ್ಯಾನ್ಸೆಟ್ ಆಂಕಾಲಜಿ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ದೇಶದ 41 ಕ್ಯಾನ್ಸರ್ ಕೇಂದ್ರಗಳಲ್ಲಿ 2020ರ ಮಾರ್ಚ್‌ನಿಂದ ಮೇವರೆಗೆ ಹೊಸ ರೋಗಿಗಳ ನೋಂದಣಿ ಹಿಂದಿನ ವರ್ಷದ 1,12,270ರಿಂದ 51,760ಕ್ಕೆ ಇಳಿಯಿತು, ದೊಡ್ಡ ಶಸ್ತ್ರಚಿಕಿತ್ಸೆಗಳು ಶೇ 49ರಷ್ಟು ಕಡಿಮೆಯಾದವು. ಅರ್ಧ ನಿಂತವು ಎಂದರೆ ಇನ್ನರ್ಧ ನಡೆದವು ಎಂದೇ ಅರ್ಥ. ಅಂಥದೇ ದಿನಗಳಲ್ಲಿ, ಅದೇ ಭಯದ ನಡುವೆ, ಯಾರೋ ಬಯಾಪ್ಸಿ ಮಾಡುತ್ತಲೇ ಇದ್ದರು. ಕ್ಯಾನ್ಸರ್ ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ 6ರಿಂದ 8ರಷ್ಟು ಹೆಚ್ಚುತ್ತದೆಂದು ‘ಬಿಎಂಜೆ’ ಎಂಬ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯ 2020ರ ಅಧ್ಯಯನ ಹೇಳುತ್ತದೆ. ಅಕ್ಕನಿಗೆ ಬಯಾಪ್ಸಿಯೇ ಹದಿನೇಳು ವಾರ ತಡವಾಯಿತು.

ಇಷ್ಟನ್ನೂ ಕಾಲದ ದೋಷವೆಂದು ಸುಮ್ಮನಾಗುತ್ತಿದ್ದೆವೇನೋ. ಆದರೆ ಪೂರ್ತಿ ಕಡತ ಕೊಡಿ ಎಂದು ಕೇಳಿದ್ದಕ್ಕೆ ತಿಂಗಳುಗಟ್ಟಲೆ ಸತಾಯಿಸಿ ನೀವು ಕೊಟ್ಟ ಒಂದು ಪುಟದ ಸಾರಾಂಶದಲ್ಲಿ, ಏಪ್ರಿಲ್ 22ರ ಎದುರಿಗೆ ‘ರೋಗಿಯ ಕೋರಿಕೆಯ ಮೇರೆಗೆ ಮುಂದೂಡಲಾಗಿದೆ’ ಎಂದು ಬರೆದಿದೆ. ಬೆಳಗಿನ ಜಾವ ಮೂರಕ್ಕೆ ಎದ್ದು, ಬುತ್ತಿ ಕಟ್ಟಿಕೊಂಡು, ದಾರಿಯುದ್ದಕ್ಕೂ ಪೊಲೀಸರಿಗೆ ಕೈಮುಗಿಯುತ್ತಾ ಬಂದ ಹೆಂಗಸು, ನಿಮ್ಮ ಗೇಟಿನಲ್ಲಿ ನಿಂತು ‘ದಯವಿಟ್ಟು ಮುಂದೂಡಿ’ ಎಂದು ಕೋರಿಕೊಂಡಳೆಂದು ಬರೆಯಲು ಕೈ ಹೇಗೆ ಬಂತು? ಆ ಸಾಲನ್ನು ಓದಿದ ದಿನ ಅಕ್ಕ, ‘ನಾನೇ ಸ್ವಲ್ಪ ಗಟ್ಟಿಯಾಗಿ ಕೇಳ್ಬೇಕಿತ್ತೇನೋ ಕಣೋ’ ಅಂದಳು.

ಆ ಸಾಲನ್ನು ತಿದ್ದಿ, ಹಿಂದಕ್ಕೆ ಕಳಿಸಿದವರು ನೀವೆಂದು ದಾಖಲಿಸಬೇಕು. ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂಬ ನಿಯಮ ನಿಮಗೆ ಗೊತ್ತಿದೆ. ಈ ಪತ್ರ ತಲುಪಿದ ಗಳಿಗೆಯಿಂದ ಮತ್ತೊಮ್ಮೆ ಎಣಿಸುತ್ತೇನೆ. ತಪ್ಪಿದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೂ, ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ, ಗ್ರಾಹಕರ ಆಯೋಗಕ್ಕೂ ದೂರು ಹೋಗುತ್ತದೆ. ಮೂರೂ ಬರೆದಿಟ್ಟಿದ್ದೇನೆ, ತಾರೀಕು ಹಾಕುವುದಷ್ಟೇ ಬಾಕಿ.

ಪರಿಹಾರದ ಹಣದ ಮಾತನ್ನು ಇಲ್ಲಿ ಎತ್ತಿಲ್ಲ. ಶಿಬಿರದ ಆಹ್ವಾನವನ್ನು ಮಾತ್ರ ಅಕ್ಕ ಒಪ್ಪಿಕೊಂಡಿದ್ದಾಳೆ. 24ರಂದು ಆ ಸಾರಾಂಶದ ಪುಟದೊಂದಿಗೆ ಬರುತ್ತಾಳೆ, ನಾನೂ ಜೊತೆಗಿರುತ್ತೇನೆ. ಈ ಸಲ ‘ಜೋರಾಗಿ ಹೇಳಿ’ ಎಂದು ನಿಮ್ಮವರು ಯಾರೂ ಹೇಳಬೇಕಾಗುವುದಿಲ್ಲ.

ಇಂತಿ,
ರೋಗಿಯ ತಮ್ಮ